ಎರಡು ಸಲ ತಂದ ನೀರು

ಮೂರು ವರ್ಷದ ಹಿಂದಿನ ಮೇ ತಿಂಗಳು. ಕಾರ್ಕಳದ ಒಂದು ಚರ್ಚಿನ ಅಂಗಳದಲ್ಲಿ ಸುತ್ತಮುತ್ತಲಿನ ಕ್ರೈಸ್ತ ಸಭೆಗಳಿಗೆ ಬೈಬಲ್ ನಾಟಕ ಸ್ಪರ್ಧೆ ಇತ್ತು. ಕಟಪಾಡಿ ಹತ್ತಿರದ ನಮ್ಮದು ಮೂವತ್ತೇ ಮನೆಯ ಸಣ್ಣ ಸಭೆ. ಪ್ರತಿ ವರ್ಷ ಹೋದರೂ ಅದುವರೆಗೆ ನಮಗೊಂದು ಸಮಾಧಾನಕರ ಬಹುಮಾನವೂ ಬಂದದ್ದಿಲ್ಲ. ನಾನು ನಿವೃತ್ತ ಪಿ.ಟಿ. ಮಾಸ್ತರ. “ಈ ಸಲ ಶೀಲ್ಡ್ ತಾರದಿದ್ದರೆ ಇನ್ನು ನಾಟಕದ ಸುದ್ದಿಗೇ ಬರುವುದಿಲ್ಲ” ಎಂದು ಆರಾಧನೆ ಮುಗಿದ ಮೇಲೆ ಎಲ್ಲರೆದುರು ಕೊಚ್ಚಿಕೊಂಡಿದ್ದೆ.

ಕತೆ ಬೈಬಲಿನ ಅರಸ ದಾವೀದನದು. ಯುದ್ಧದ ನಡುವೆ ಅವನಿಗೆ ತನ್ನೂರು ಬೇತ್ಲೆಹೇಮಿನ ಬಾವಿಯ ನೀರು ಕುಡಿಯುವ ಆಸೆಯಾಗುತ್ತದೆ. ಮೂವರು ವೀರರು ವೈರಿಗಳ ಪಾಳೆಯ ಸೀಳಿಕೊಂಡು ಹೋಗಿ ನೀರು ತರುತ್ತಾರೆ. ಜೀವ ಪಣಕ್ಕಿಟ್ಟು ತಂದ ನೀರನ್ನು ಕುಡಿಯಲು ಮನಸ್ಸಾಗದೆ ಅವನು ಅದನ್ನು ದೇವರ ಹೆಸರಿನಲ್ಲಿ ನೆಲಕ್ಕೆ ಹೊಯ್ಯುತ್ತಾನೆ. ನಾಟಕದ ಜೀವವೇ ಆ ಹೊಯ್ಯುವುದರಲ್ಲಿ. ನಿರ್ದೇಶಕನೂ ನಾನೇ, ದಾವೀದನೂ ನಾನೇ, ಮತ್ತೆ ಯಾರು!

ವೀರರಲ್ಲಿ ಇಬ್ಬರು ರಿಕ್ಷಾ ಓಡಿಸುವ ಜೀವನ್ ಮತ್ತು ಮಣಿಪಾಲದಲ್ಲಿ ನರ್ಸ್ ಆಗಿರುವ ಶಾಲಿನಿ. ಮೂರನೆಯವರು ಸಿಗದೆ, ಚರ್ಚಿಗೆ ಟೈಲ್ಸ್ ಹಾಕುತ್ತಿದ್ದ ಗದಗದ ಬಸಪ್ಪನನ್ನು ಎಳೆದು ತಂದೆವು.

“ನಾ ನಿಮ್ಮ ಪೈಕಿ ಅಲ್ಲಲ್ರಿ ಸರ” ಅಂದ.

“ದಾವೀದನ ಸೈನ್ಯದಲ್ಲಿಯೂ ಹೊರಗಿನವರು ಇದ್ದರು ಮಾರಾಯ, ಬಾ” ಅಂದೆ.

ಒಂದು ತಿಂಗಳು ಅಭ್ಯಾಸದಲ್ಲಿ ಮೂವರನ್ನೂ ಅರೆದೆ. ಬಸಪ್ಪನಿಗಂತೂ ಬೈದದ್ದೇ ಬೈದದ್ದು.

ಸ್ಪರ್ಧೆಯ ದಿನ ನಮ್ಮ ಸರದಿ ಬರುವಾಗ ಮಧ್ಯಾಹ್ನ ಎರಡೂವರೆ. ಮೈಮೇಲೆ ವೆಲ್ವೆಟ್ ನಿಲುವಂಗಿ, ಮುಖಕ್ಕೆ ಅಂಟಿಸಿದ ಗಡ್ಡ. ಗಂಟಲು ಒಣಗಿಹೋಗಿತ್ತು. ಅಭ್ಯಾಸದಲ್ಲಿ ಯಾವಾಗಲೂ ಖಾಲಿ ಚೊಂಬು ಹಿಡಿದಿದ್ದೆವು. ಆ ದಿನ ಶಾಲಿನಿ, ನಿಜವಾಗಿ ಕಾಣಲಿ ಎಂದು ತಣ್ಣಗಿನ ನೀರು ತುಂಬಿಸಿದ್ದಳು. ವೈರಿ ಸೈನಿಕರಾಗಿದ್ದ ನಮ್ಮ ಸಭೆಯ ಹುಡುಗರಿಬ್ಬರನ್ನು ಬೀಳಿಸಿ ಮೂವರೂ ಬಂದು ಮಂಡಿಯೂರಿ ಚೊಂಬು ಕೊಟ್ಟರು. ನಾನು ಎತ್ತಿದವನೇ ಗಟಗಟ ಕುಡಿದುಬಿಟ್ಟೆ. ಪೂರ್ತಿ!

ಕೊನೆಯ ಗುಟುಕು ಇಳಿಯುವಾಗ ನೆನಪಾಯಿತು. ಅಯ್ಯೋ ದೇವರೇ! ಅಂಗಳವಿಡೀ ಗೊಳ್ಳೆಂದಿತು. “ಎಂತ ಮಾರಾಯ, ದಾವೀದ ಕುಡಿದೇ ಬಿಟ್ಟ!” ಎಂದು ಮುಂದಿನ ಸಾಲಿನಲ್ಲಿ ಯಾರೋ ಕೂಗಿದರು. ಶೀಲ್ಡ್ ಹೋಯಿತು, ಜತೆಗೆ ಮರ್ಯಾದೆಯೂ.

ಆಗ ಬಸಪ್ಪ ಎದ್ದು ನಿಂತ. “ಕುಡೀರಿ ಅರಸರ, ದಣದೀರಿ! ದೇವರಿಗೆ ಇನ್ನೊಂದು ಚೊಂಬು ತರ್ತೀವಿ!” ಎಂದು ಗುಡುಗಿದ. ಸತ್ತು ಬಿದ್ದಿದ್ದ ವೈರಿಗಳು ಥಟ್ಟನೆ ಎದ್ದು ಪುನಃ ಕತ್ತಿ ಹಿಡಿದರು. ಮೂವರೂ ಅವರನ್ನು ತಳ್ಳಿ, ವೇದಿಕೆಯಿಂದ ಹಾರಿ, ಜನರ ನಡುವೆ ಓಡಿ, ಅಂಗಳದ ಮೂಲೆಯ ನಿಜವಾದ ಬಾವಿಗೇ ಹೋದರು. ರಾಟೆ ಕಿರುಗುಟ್ಟಿತು. ಜನ ಎದ್ದು ನಿಂತು ನೋಡತೊಡಗಿದರು. ಬಸಪ್ಪ ತುಂಬಿದ ಚೊಂಬನ್ನು ನನ್ನ ಕೈಗಿಟ್ಟಾಗ ಅವನ ಮೊಣಕಾಲು ತರಚಿ ರಕ್ತ ಜಿನುಗುತ್ತಿತ್ತು.

“ಇದು ನೀರಲ್ಲ, ನಿಮ್ಮ ರಕ್ತ. ಇದನ್ನು ಕುಡಿಯುವ ಯೋಗ್ಯತೆ ನನಗಿಲ್ಲ.” ತಿಂಗಳಿಡೀ ಬಾಯಿಪಾಠ ಮಾಡಿದ ಮಾತೇ. ಆದರೆ ಆಗ ನಿಜವಾಗಿಯೂ ಅಳುತ್ತಾ ನೀರು ಹೊಯ್ದೆ. ಚಪ್ಪಾಳೆ ನಿಲ್ಲಲೇ ಇಲ್ಲ.

ಮೊದಲ ಬಹುಮಾನ ನಮಗೇ! ತೀರ್ಪುಗಾರರು ಮೈಕಿನಲ್ಲಿ, “ಎರಡನೆಯ ಸಲ ನೀರು ತರಿಸಿದ ನಿರ್ದೇಶಕರಿಗೆ ಅಭಿನಂದನೆ” ಅಂದರು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಸುಮ್ಮನಿದ್ದುಬಿಡುವ ಅನ್ನಿಸಿತು. ಆಗಲಿಲ್ಲ. ಮೈಕ್ ತೆಗೆದುಕೊಂಡು, “ನಿರ್ದೇಶಕ ಮರೆತು ಕುಡಿದದ್ದು. ನಾಟಕ ಉಳಿಸಿದ್ದು ಇವನು” ಎಂದು ಬಸಪ್ಪನನ್ನು ಮುಂದೆ ನಿಲ್ಲಿಸಿ, ಶೀಲ್ಡನ್ನು ಅವನ ಕೈಗೇ ಕೊಡಿಸಿದೆ.

ಹಿಂದಿರುಗುವಾಗ ಬಸ್ಸಿನಲ್ಲಿ ಎಲ್ಲರೂ ಗಂಟಲು ಹರಿಯುವಂತೆ ಹಾಡುತ್ತಿದ್ದರು. ನಾನು ಅವನ ಪಕ್ಕ ಕುಳಿತು ಕೇಳಿದೆ: “ಅಷ್ಟು ಬೈದಿದ್ದೆ ನಿನಗೆ. ಬೀಳಲಿ ಮುದುಕ ಅಂತ ಬಿಡಬಹುದಿತ್ತು, ಅಲ್ವಾ?”

“ಬೈದದ್ದು ಬ್ಯಾರೆ ರೀ ಸರ. ಮಂದಿ ಮುಂದ ನಮ್ಮ ಅರಸ ಸೋಲೂದು ಹೆಂಗ ನೋಡ್ಲಿ?”

ಭಾನುವಾರ ಶಾಲೆಯ ಮಕ್ಕಳಿಗೆ ಬೈಬಲಿನ ಈ ಕತೆಯನ್ನು ಮೊದಲು ಎಷ್ಟೋ ಸಲ ಹೇಳಿದ್ದೆ, ದಾವೀದನದ್ದೇ ದೊಡ್ಡತನ ಎಂಬ ಹಾಗೆ. ಈಗ ಹೇಳುವಾಗ ನೀರು ತಂದ ಆ ಮೂವರಿಂದಲೇ ಶುರು ಮಾಡುತ್ತೇನೆ.