ಮುದ್ದೆ ಆರುವಷ್ಟು ದೂರ

ಬಾಗೂರಿನ ಭವ್ಯಶ್ರೀಯ ಹುಚ್ಚೆಳ್ಳು ಚಟ್ನಿಪುಡಿ ತಿಂದವರು ಮನೆ ಹುಡುಕಿಕೊಂಡು ಬರುತ್ತಾರೆ. ಬರಲೇಬೇಕು, ಅವಳಂತೂ ದೂರ ಹೋಗುವವಳಲ್ಲ. ಕೈಯಲ್ಲಿ ಪುಡಿ ತುಂಬುತ್ತಾ, ಕಾಲಲ್ಲಿ ಬೆಕ್ಕು ಓಡಿಸುತ್ತಾ, ಕತ್ತಿಗೆ ಫೋನ್ ಸಿಕ್ಕಿಸಿಕೊಂಡು 'ಕಳಿಸ್ತೀನಿ ಸಾ' ಎನ್ನುವ ಈ ಉದ್ಯಮಿಗೆ ಗಡಿ ಹಾಕಿರುವುದು ಮಧ್ಯಾಹ್ನದ ಮುದ್ದೆ. ಗಂಡ ದೇವರಾಜುವಿನ ತಟ್ಟೆಗೆ ಅದು ಹೊಗೆಯಾಡುತ್ತಲೇ ಬೀಳಬೇಕು. ಅತ್ತೆ ಬೆಟ್ಟಮ್ಮನ ರಟ್ಟೆಗೆ ಮುದ್ದೆ ತಿರುವುವ ಶಕ್ತಿ ಈಗಿಲ್ಲ. ಬೆಳಗಿನ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೋದರೆ ಎಸರಿಡುವ ಹೊತ್ತಿಗೆ ಮರಳಬಹುದು, ಹಾಸನಕ್ಕೆ ಹೋದರೆ ಆಗದು. ಹಾಗಾಗಿ ಅವಳ ಮಾರುಕಟ್ಟೆ ಚನ್ನರಾಯಪಟ್ಟಣದಲ್ಲೇ ಮುಗಿಯುತ್ತದೆ. 'ನಾನೇನ್ ಬ್ಯಾಡ ಅಂದಿದ್ದೀನಾ? ಉಣ್ಣಕ್ಕೆ ಇಕ್ಬುಟ್ಟು ಎಲ್ಲಿಗಾದ್ರೂ ಓಗು' ಎನ್ನುತ್ತಾನೆ ಉದಾರಿ ದೇವರಾಜು. ಮೊನ್ನೆ ಹಾಸನದ ದೊಡ್ಡ ಅಂಗಡಿಯವರು ಫೋನ್ ಮಾಡಿ, ಖುದ್ದಾಗಿ ಬಂದು ಮಾತಾಡಿದರೆ ಪ್ರತಿ ತಿಂಗಳೂ ಪುಡಿ ಕೊಳ್ಳುತ್ತೇವೆ ಎಂದರು. ಭವ್ಯಶ್ರೀ ಎಂದಿನಂತೆ ನಕ್ಕು, 'ಮುದ್ದೆ ಆರೋಯ್ತದೆ ಸಾ' ಎನ್ನುವಷ್ಟರಲ್ಲಿ ಬೆಟ್ಟಮ್ಮ ಫೋನ್ ಕಿತ್ತುಕೊಂಡಳು. 'ನಾಳೀಕೇ ಬತ್ತಾಳೆ ಕಣಪ್ಪ' ಎಂದವಳೇ ಮುದ್ದೆಕೋಲನ್ನು ತಂದು ಮಗನ ಕೈಗಿಟ್ಟಳು. 'ಬಾ, ಕಲಿಸ್ತೀನಿ. ನಿಮ್ಮಪ್ಪನ ಮುದ್ದೆ ಆರ್ಬಾರ್ದು ಅಂತ ನಾನು ಇವತ್ತಿಗೂ ಹಾಸ್ನ ನೋಡಿಲ್ಲ ಕಣ್ಲಾ.'