ಕೈಮರ ಬಿದ್ದ ಮೇಲೆ

ಯುದ್ಧದ ಕಾಲದಲ್ಲಿ ನಾನು ಮಂಡ್ಯದಲ್ಲಿ ಗುಮಾಸ್ತ. ರೈಲ್ವೆ ಸ್ಟೇಷನ್ನಿಗೆ ಅಂಟಿಕೊಂಡೇ ಉದ್ದನೆಯ ಹೆಂಚಿನ ಕಟ್ಟಡವೊಂದಿತ್ತು. ಸಾಲಾಗಿ ನಾಲ್ಕೈದು ಕಚೇರಿಗಳು, ಎಲ್ಲಕ್ಕೂ ಒಂದೇ ಜಗಲಿ. ಜಗಲಿ ಇಳಿದರೆ ಪ್ಲಾಟ್‌ಫಾರಂ. ಕೊನೆಯ ಕೋಣೆ ನಮ್ಮದು. ನಾಲೆ ನೀರು ಬಂದ ಮೇಲೆ ನಮ್ಮ ಸೀಮೆಗೆ ಭತ್ತ, ಕಬ್ಬು ಬಂದ ಹಾಗೆ ಚಳಿಜ್ವರವೂ ಬಂತಲ್ಲ, ಅದಕ್ಕೆ ಕ್ವಿನೈನ್ ಮಾತ್ರೆ ಕೊಡುವುದು ನನ್ನ ಕೆಲಸ. ಯುದ್ಧದಿಂದಾಗಿ ಮಾತ್ರೆ ಸಿಗುವುದೇ ಕಷ್ಟವಾಗಿತ್ತು. ಪಟೇಲರ ಚೀಟಿ ತಂದವರಿಗಷ್ಟೇ ಕೊಡುತ್ತಿದ್ದೆವು.

ಗುಮಾಸ್ತರೆಲ್ಲ ಹೆಚ್ಚುಕಮ್ಮಿ ಮದ್ದೂರಿನವರು. ಊರಿಗೆ ಹೋಗುವ ಸಂಜೆ ಗಾಡಿಗೆ ಸಿಗ್ನಲ್ಲಿನ ಕೈಮರ ಬಿತ್ತೆಂದರೆ ಸಾಕು, ಸಾಲಿಗೆ ಸಾಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಗಡಿಯಾರ ಯಾರಿಗೆ ಬೇಕಿತ್ತು? ಎದುರಿಗೆ ನಿಂತವರ ಮಾತು ಅರ್ಧದಲ್ಲಿದ್ದರೂ ಬೀಗ ಜಡಿಯುವುದೇ. ಆ ವಯಸ್ಸಿಗೆ ನನಗೆ ಅದೂ ಒಂದು ಜಂಬವಾಗಿತ್ತು.

ಒಂದು ಸಂಜೆ ಬೀಗ ಹಾಕುತ್ತಿದ್ದೇನೆ, ಹನಕೆರೆಯ ರೈತನೊಬ್ಬ ಏದುಸಿರು ಬಿಡುತ್ತ ಬಂದು ಚೀಟಿ ಚಾಚಿದ. ಊರಿಂದ ನಡೆದೇ ಬಂದಿದ್ದ. ಎಂಟು ವರ್ಷದ ಮಗಳಿಗೆ ಮೂರು ದಿನದಿಂದ ಜ್ವರ ಬಿಟ್ಟಿಲ್ಲವಂತೆ, ಮೈಮೇಲೆ ಎಚ್ಚರವಿಲ್ಲವಂತೆ. ನಾಳೆ ಬಾ ಎಂದೆ. ಕೈಮುಗಿದ. ಕೈಮರ ಬಿದ್ದಿರುವುದು ಕಾಣುವುದಿಲ್ಲವೇನಯ್ಯ ಎಂದು ಗದರಿ, ಹೋಗಿ ಗಾಡಿ ಹತ್ತಿದೆ.

ಹತ್ತಿ ಕೂತರೆ ಗಾಡಿ ಹೊರಡಲೇ ಇಲ್ಲ. ಎಂಜಿನ್ನಿಗೆ ನೀರು ತುಂಬುತ್ತಿದ್ದರು. ಕಿಟಕಿಯಿಂದ ನಮ್ಮ ಕಚೇರಿಯ ಬಾಗಿಲು ಕಾಣುತ್ತಿತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು. ಇಳಿದು ಹೋಗಿ, ಮಾತ್ರೆ ಕೊಟ್ಟು ಬಂದು, ಸಾವಕಾಶವಾಗಿ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿತ್ತು. ಇಳಿಯಲಿಲ್ಲ. ಒಮ್ಮೆ ಆಗುವುದಿಲ್ಲ ಎಂದವನು ತಾನೇ ಎದ್ದು ಹೋದರೆ ನನ್ನ ಮಾತಿಗೇನು ಬೆಲೆ ಅನ್ನಿಸಿತು. ಥೂ, ನನ್ನ ದೊಡ್ಡಸ್ತಿಕೆಗಿಷ್ಟು ಬೆಂಕಿ ಹಾಕ! ಅವನೂ ಅದೇ ಡಬ್ಬಿ ಹತ್ತಿದ. ಬಾಗಿಲ ಬಳಿ ನಿಂತೇ ಇದ್ದು, ಹನಕೆರೆಯಲ್ಲಿ ಇಳಿದು ಹೋದ.

ಮಾರನೆಯ ದಿನ ಕಚೇರಿ ತೆರೆದಾಗಿನಿಂದ ಅವನ ದಾರಿ ನೋಡಿದೆ. ಮಧ್ಯಾಹ್ನವಾದರೂ ಬರಲಿಲ್ಲ. ಸಂಜೆ ಮಾತ್ರೆಯ ಪೊಟ್ಟಣ ಕಟ್ಟಿಕೊಂಡು ಹನಕೆರೆಯಲ್ಲಿ ನಾನೇ ಇಳಿದೆ. ಮನೆ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ, ಜಗಲಿಯ ತುಂಬ ಜನ ಕೂತಿದ್ದರು. ಮಗುವನ್ನು ಬೆಳಿಗ್ಗೆಯೇ ಮಣ್ಣು ಮಾಡಿದ್ದರು.

ನನ್ನನ್ನು ಕಂಡು ಅವನು ಎದ್ದು ನಿಂತ. ಯಾರಿಗೋ ಹೇಳಿ ಚಾಪೆ ಹಾಸಿಸಿದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ:

“ತಪ್ಪು ನಂದೇಯ ಸಾಮಿ. ಗದ್ದೆಗೆ ನೀರು ತಿರುಗ್ಸ್‌ಬುಟ್ಟು ಓಯ್ತೀನಿ ಅಂತ ಒತ್ತು ಮಾಡ್ಕಂಡೆ. ಒಸಿ ಮುಂಚೆ ಬಂದಿದ್ರೆ ನೀವು ಕೊಡೋರು.”

ಒಳಗಿಂದ ಅವನ ಹೆಂಡತಿಗೆ ಅದು ಕೇಳಿಸಿತು. “ಆ ಗದ್ದೆನೇ ಕಟ್ಕಂಡು ಬಾಳು, ನನ್ ಮಗೀನ ತಿಂದ್ಕಂಡೆ” ಎಂದು ಅವಳು ಗೋಳಿಟ್ಟಳು. ಕೂತಿದ್ದವರು ಯಾರೂ ಅವಳನ್ನು ತಡೆಯಲಿಲ್ಲ. ಅವನು ತಲೆ ತಗ್ಗಿಸಿದ.

ಅವನ ತಪ್ಪಲ್ಲ ತಾಯಿ, ಗಾಡಿ ನಿಂತೇ ಇತ್ತು, ಬೀಗದ ಕೈ ನನ್ನ ಹತ್ತಿರವೇ ಇತ್ತು ಎಂದಿದ್ದರೆ ಸಾಕಾಗಿತ್ತು. ಅಷ್ಟು ಜನರ ಎದುರು ನನಗೆ ಬಾಯಿ ಬರಲಿಲ್ಲ. ಸಾವಿನ ಮನೆಯಿಂದ ಏನೂ ಹೇಳದೆ ಎದ್ದು ಬರುವುದು ನಮ್ಮ ಕಡೆಯ ಪದ್ಧತಿ. ನಾನೂ ಏನೂ ಹೇಳದೆ ಎದ್ದು ಬಂದೆ.