ಮೂರನೇ ಸಾಲಿನ ಬೆಂಚು

ಡಾಟ್‌ಕಾಮ್ ಭರಾಟೆಯ ಆ ದಿನಗಳಲ್ಲಿ, ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಪಕ್ಕದ ಮನೆಯವರು ಪೋಲೆಂಡಿನ ಒಬ್ಬ ವಯಸ್ಸಾದ ಹೆಂಗಸು. ನಾನು ಅವರನ್ನು ಅಜ್ಜಿ ಅಂತಲೇ ಕರೆಯುತ್ತಿದ್ದೆ. ಅದು ಕನ್ನಡದಲ್ಲಿ ತಮ್ಮ ಹೆಸರು ಅಂತ ಅವರು ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ನನ್ನ ಚಿತ್ರಾನ್ನ ಅವರ ಮನೆಗೆ ಹೋದರೆ, ಅವರ ಗಸಗಸೆ ಕೇಕು ನಮ್ಮ ಮನೆಗೆ ಬರುತ್ತಿತ್ತು.

ಗಿರಾಕಿಯೊಬ್ಬರಿಗೆ ಸಾಫ್ಟ್‌ವೇರು ಹಾಕಿಕೊಡಲು ಆಫೀಸಿನವರು ನನ್ನನ್ನು ಹತ್ತು ದಿನ ವಾರ್ಸಾಕ್ಕೆ ಕಳಿಸುತ್ತಾರೆ ಅಂದಾಗ ನನಗಿಂತ ಅಜ್ಜಿಗೇ ಸಡಗರ. ಅವರ ಹುಟ್ಟೂರು ಅಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ. ಚೌಕ, ಗಡಿಯಾರದ ಗೋಪುರ, ಮ್ಯೂಸಿಯಂ, ಚರ್ಚು ಎಲ್ಲ ಗುರುತು ಮಾಡಿ ನಕ್ಷೆ ಬರೆದುಕೊಟ್ಟರು. ಚರ್ಚಿನ ಎಡಗಡೆ ಮೂರನೇ ಸಾಲಿನ ಬೆಂಚಿನ ಮೇಲೆ ಅವರೂ ಅವರ ತಂಗಿಯೂ ಚಿಕ್ಕಂದಿನಲ್ಲಿ ಮೊಳೆಯಿಂದ ತಮ್ಮ ಹೆಸರಿನ ಮೊದಲಕ್ಷರ ಕೆತ್ತಿದ್ದರಂತೆ. ತಂಗಿ ಹತ್ತು ವರ್ಷಕ್ಕೇ ಜ್ವರ ಬಂದು ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಉಳಿದಿರಲಿಲ್ಲ.

“ಆ ಅಕ್ಷರ ಇದೆಯಾ ನೋಡ್ಕೊಂಡು ಬಾ,” ಅಂದರು. “ನಾನೇ ಹೋಗಿ, ಅದು ಇಲ್ಲದೇ ಹೋದರೆ ತಡ್ಕೊಳ್ಳೋಕಾಗಲ್ಲ.”

ಊರಿನ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ. ಬಸ್ಸಿನವನಿಗೆ ನಕ್ಷೆಯನ್ನೇ ತೋರಿಸಿದೆ. ಚೌಕದ ಸುತ್ತ ಹಳದಿ, ಗುಲಾಬಿ, ತಿಳಿಹಸಿರು ಮನೆಗಳು ಒತ್ತೊತ್ತಾಗಿ ನಿಂತಿದ್ದವು. ನೋಡಿದ ಕೂಡಲೇ ಊರು ಇಷ್ಟವಾಯಿತು. ಮ್ಯೂಸಿಯಂ ಬಾಗಿಲಲ್ಲಿ ದೊಡ್ಡ ದೊಡ್ಡ ಉಣ್ಣೆಯ ಚಪ್ಪಲಿಗಳ ರಾಶಿ. ನೆಲ ಸವೆಯದಿರಲೆಂದು ಅದನ್ನು ಶೂ ಮೇಲೆಯೇ ಹಾಕಿಕೊಳ್ಳಬೇಕು. ನಾನೋ ಶೂ ಬಿಚ್ಚಿಟ್ಟು ಹಾಕಿಕೊಂಡೆ. ಹೆಜ್ಜೆಗೊಮ್ಮೆ ಕಳಚಿಕೊಳ್ಳುತ್ತಿದ್ದ ಅದನ್ನು ಎಳೆದಾಡುತ್ತ ಹಳೇ ಮಗ್ಗ, ಹೂವು ಬರೆದ ಮದುವೆ ಪೆಟ್ಟಿಗೆ ಎಲ್ಲ ನೋಡಿದೆ. ಕಾವಲಿನ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಚರ್ಚಿಗೆ ಬಂದಾಗಲೂ ಆ ಚಟ ಬಿಡಲಿಲ್ಲ. ಮೆಟ್ಟಿಲ ಮೇಲೆ ಶೂ, ಸಾಕ್ಸ್ ಎರಡೂ ಬಿಚ್ಚಿ ನಿಂತೆ. ಚಳಿಗೆ ಕಲ್ಲು ಕಾಲನ್ನು ಕೊರೆಯುತ್ತಿತ್ತು. ಬೀಗದಕೈ ಗೊಂಚಲು ಹಿಡಿದ ಮುದುಕನೊಬ್ಬ ಬಾಗಿಲಲ್ಲಿದ್ದ. ಒಳಗೆ ಹೋಗಬಹುದೇ ಅಂತ ಇಂಗ್ಲಿಷಿನಲ್ಲೂ ಕೈಸನ್ನೆಯಲ್ಲೂ ಕೇಳಿದೆ. ನಗುತ್ತ “ನೋ, ನೋ” ಅಂದ. ಇನ್ನೊಮ್ಮೆ ಕೇಳಿದೆ. “ನೋ, ನೋ, ನೋ.” ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಬೇಡ ಅನ್ನುವುದಕ್ಕೂ ಇಷ್ಟು ಹಲ್ಲು ಕಿರಿಯಬೇಕೇ ಅಂತ ಮೈಯೆಲ್ಲ ಉರಿದು, ಶೂ ಸಿಕ್ಕಿಸಿಕೊಂಡು ಬಸ್ ಹತ್ತಿಬಿಟ್ಟೆ.

ವಾಪಸು ಬಂದಾಗ ಅಜ್ಜಿ ಬಾಗಿಲು ತೆಗೆದುಕೊಂಡೇ ಕಾಯುತ್ತಿದ್ದರು. ಆ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. ಎರಡೂ ಅಕ್ಷರ ಹಾಗೇ ಇವೆ ಅಂದುಬಿಟ್ಟೆ. ಅವರು ಅತ್ತರು, ಟೀ ಮಾಡಿದರು, ಕೇಕಿನ ದಪ್ಪ ತುಂಡು ಕೊಯ್ದು ಕೊಟ್ಟರು. ಅವರನ್ನು ನಗಿಸೋಣವೆಂದು ನನ್ನ ಶೂ ಪುರಾಣ ಶುರುಮಾಡಿದೆ. ಮಾತಿನ ಭರದಲ್ಲಿ, ನಗುನಗುತ್ತಲೇ “ನೋ, ನೋ” ಅಂದು ನನ್ನನ್ನು ಬಾಗಿಲಿಂದಲೇ ಸಾಗಹಾಕಿದ ಮುದುಕನ ಕತೆಯೂ ಬಂದುಬಿಟ್ಟಿತು.

ಅಜ್ಜಿ ಕಪ್ಪು ಕೆಳಗಿಟ್ಟರು.

“ನಮ್ಮ ಭಾಷೇಲಿ ನೋ ಅಂದರೆ ಹೂಂ, ಮಗು. ಒಳಗೆ ಬಾ ಅಂತಿದ್ದ ಅವನು.”

ನಾನು ಒಳಗೆ ಹೋಗಿರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಾಗಿಹೋಯಿತು. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾಚಿಕೆಯಿಂದ ನನಗೇ ಅಳು ಬಂತು. ತಪ್ಪಾಯಿತು ಅಜ್ಜಿ ಅಂದೆ.

ಅವರು ನನ್ನ ಕಾಲಿನ ಕಡೆ ನೋಡಿ, ಆ ಚಳಿಯಲ್ಲಿ ಬರಿಗಾಲಲ್ಲಿ ನಿಂತಿದ್ದೆಯಾ ಅಂತ ಕೇಳಿದರು. ತಲೆಯಾಡಿಸಿದೆ. ಕೇಕಿನ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.

“ಬೇಸಿಗೇಲಿ ಇಬ್ಬರೂ ಹೋಗೋಣ ಅಜ್ಜಿ,” ಅಂದೆ. “ಅಕ್ಷರ ಇಲ್ಲದೇ ಹೋದರೂ ಪಕ್ಕದಲ್ಲಿ ನಾನಿರ್ತೀನಿ.”

ಅವರು ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದು, “ನೋ” ಅಂದರು.

ಮರುದಿನವೇ ನಾನು ಎರಡು ಟಿಕೆಟ್ಟಿಗೆ ವಿಚಾರಿಸಿದೆ.